ಜೈತುನ್‌ಬೀ ಮನೆಯ ಕೀಲಿಕೈ

2025ರ ಏಪ್ರಿಲ್ 26, ಶನಿವಾರ, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ಜೈತುನ್ ಆಪಾ ತಮ್ಮ ಮನೆಗೆ ಕೀಲಿ ಹಾಕಿದರು, ಎರಡು ಸಲ ಜಗ್ಗಿ ನೋಡಿದರು, ಆಮೇಲೆ ಓಣಿ ದಾಟಿ ಹೋಗಿ ಕೀಲಿಕೈಯನ್ನು ಎದುರುಮನೆಯ ಸರಿತಾಳ ಕೈಗೆ ಕೊಟ್ಟರು.

ನಾನು ಅವರ ಪಕ್ಕದ ಮನೆಯ, ನಮ್ಮ ಹೊಸ್ತಿಲಲ್ಲಿ ನಿಂತಿದ್ದೆ. ನನ್ನ ಬಲಗೈ ಆಗಲೇ ಅರ್ಧ ಮುಂದೆ ಬಂದಿತ್ತು. ಅದನ್ನು ಸುಮ್ಮನೆ ಹಿಂದಕ್ಕೆ ತೆಗೆದುಕೊಂಡರೆ ಚೆನ್ನಾಗಿ ಕಾಣುವುದಿಲ್ಲವೆಂದು ಬಾಗಿಲ ಚೌಕಟ್ಟಿನ ಧೂಳು ಒರೆಸಿದೆ. ಧೂಳು ಇರಲಿಲ್ಲ. ಹಿಂದಿನ ದಿನವಷ್ಟೇ ಒರೆಸಿದ್ದೆ.

“ಬರ್ತೀನಿ ಜಯಾ,” ಎಂದರು ಆಪಾ, ಆಟೋದಲ್ಲಿ ಚೀಲ ಇಡುತ್ತ. “ಅಸ್ಫಿಯಾಗ ಹೆರಿಗಿಗಿ ಡಾಕ್ಟರು ದಿನಾ ಕೊಟ್ಟಾರ. ಹದಿನೈದು ದಿನ ಆದ್ರೂ ಆಗ್ತದ. ಪ್ರತಿ ಸಲ ನಿನಗ್ಯಾಕ ತ್ರಾಸು ಅಂತ ಸರಿತಾನ ಕಡಿ ಕೊಟ್ಟೀನಿ.”

“ಅದ್ರಾಗೇನು ತ್ರಾಸು ಆಪಾ,” ಎಂದೆ. ಆಟೋ ಆಗಲೇ ಹೊರಟಿತ್ತು. ಮಗಳಿರುವ ಹೈದರಾಬಾದಿನ ರೈಲಿಗೆ ಇನ್ನೂ ಐವತ್ತು ನಿಮಿಷವಿತ್ತು. ನಮ್ಮ ಓಣಿಯಿಂದ ಶಹಾಬಾದ್ ಸ್ಟೇಶನ್ನಿಗೆ ಆರು ನಿಮಿಷ ಸಾಕು.

ಇಪ್ಪತ್ತೊಂದು ವರ್ಷಗಳಲ್ಲಿ ಆ ಕೀಲಿಕೈ ನನ್ನ ಬಳಿಗೆ ಮೂವತ್ತೆಂಟು ಸಲ ಬಂದಿದೆ. ಹನ್ನೊಂದನೆಯ ಸಲದಿಂದ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಮೊದಲ ಹತ್ತು ಅಂದಾಜಿನವು. ನಾನು ವಾಡಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಬರೆದಿಡದ ಅಂಕಿಯನ್ನು ಮಕ್ಕಳಿಗೂ ನಂಬಬೇಡಿ ಎನ್ನುತ್ತೇನೆ. ಅಡುಗೆಮನೆಯಲ್ಲಿ ಗ್ಯಾಸ್ ಒಲೆಯ ಎಡಕ್ಕೆ ಒಂದು ಮೊಳೆ ಇದೆ. ಅದು ಆ ಕೀಲಿಕೈಗೆಂದೇ ಹೊಡೆದದ್ದು. ಅದಕ್ಕೆ ನಾನು ಬೇರೆ ಏನನ್ನೂ ತೂಗುಹಾಕಿದವಳಲ್ಲ, ಚಹಾ ಸೋಸುವ ಜಾಲರಿಯನ್ನು ಕೂಡ.

ನಮ್ಮ ಓಣಿಯಲ್ಲಿ ಊರಿಗೆ ಹೋಗುವವರು ಕೀಲಿಕೈಯನ್ನು ಮೀಟರ್ ಡಬ್ಬಿಯ ಮೇಲೋ ಚಪ್ಪಲಿಯ ಕೆಳಗೋ ಇಟ್ಟು ಹೋಗುವುದಿಲ್ಲ. ಒಬ್ಬರ ಕೈಯಲ್ಲಿ ಕೊಟ್ಟು ಹೋಗುತ್ತಾರೆ. ಯಾರ ಮನೆಯದು ಯಾರ ಹತ್ತಿರ ಇರುತ್ತದೆ ಎನ್ನುವುದು ಸಿಲಿಂಡರ್ ತರುವವನಿಗೂ ಗೊತ್ತು. ಅದಕ್ಕೆ ಹೆಸರಿಲ್ಲ, ಬರವಣಿಗೆಯಿಲ್ಲ. ಆದರೆ ಇಂಥವರ ಮನೆಯ ಕೀಲಿಕೈ ಇಂಥವರ ಬಳಿ ಎಂದಮೇಲೆ ಆ ಎರಡು ಮನೆಗಳ ಸಂಬಂಧವನ್ನು ಯಾರೂ ಮತ್ತೆ ವಿಚಾರಿಸುವುದಿಲ್ಲ. ಹೀಗಾಗಿ ಅದು ಕೈ ಬದಲಾದದ್ದೂ ಯಾರಿಗೂ ಗುಟ್ಟಾಗಿ ಉಳಿಯುವುದಿಲ್ಲ.

ಎಂಟೂವರೆಗೆ ಪಲ್ಯ ಮಾರುವ ಅನಸುಬಾಯಿ ಬಂದಳು. ಬುಟ್ಟಿ ಇಳಿಸಿದವಳೇ ಪುಂಡಿಪಲ್ಯದ ಎರಡು ಸಿವುಡು ನನ್ನ ಮುಂದೆ ಇಟ್ಟಳು.

“ಒಂದು ನಿಮ್ದು, ಒಂದು ಜೈತುನ್‌ಬೀದು. ಅಕಿ ನಿನ್ನೆ ಹೇಳಿದ್ಲು, ಫ್ರಿಜ್ಜಿನಾಗ ಇಟ್ಟುಬಿಡ್ರಿ ಬಾಯಾರ.”

“ಅವರು ಊರಿಗಿ ಹೋಗ್ಯಾರ. ಚಾವಿ ನನ್ನ ಬಲ್ಲಿ ಇಲ್ಲ. ಸರಿತಾನ ಬಲ್ಲಿ ಅದ.”

ಅನಸುಬಾಯಿ ಎದುರುಮನೆಯನ್ನು ನೋಡಿ, ನನ್ನನ್ನು ನೋಡಿದಳು. “ಯಾಕ್ರೀ, ಜಗಳಾ ಆಡೀರೇನು?”

“ಜಗಳ ಯಾಕ ಆಡ್ಲಿ?”

“ಮತ್ತ? ಇಷ್ಟು ವರ್ಷ ಆ ಮನೀಗಿ ಇಲಿ ಹೋಗಬೇಕಂದ್ರೂ ನಿಮ್ಮನ್ನ ಕೇಳಿ ಹೋಗ್ತಿತ್ತು.”

ನಾನು ಎರಡೂ ಸಿವುಡು ಇಟ್ಟುಕೊಂಡೆ. ಒಂದನ್ನು ಸರಿತಾಳ ಮನೆಗೆ ಕೊಡು ಎನ್ನಲು ನಾಲಗೆ ಬರಲಿಲ್ಲ.

ಸರಿತಾ ಸೇಡಂ ಕಡೆಯವಳು. ಮದುವೆಯಾಗಿ ಬಂದು ಒಂದೂವರೆ ವರ್ಷ. ಅವಳ ಗಂಡ ಸಿಮೆಂಟ್ ಲಾರಿಗಳ ಲೆಕ್ಕ ಬರೆಯುವ ಕೆಲಸಕ್ಕೆ ದಿನಾ ಕೋಡ್ಲಾಕ್ಕೆ ಹೋಗುತ್ತಾನೆ. ಹುಡುಗಿ ಒಳ್ಳೆಯವಳು. ಒಳ್ಳೆಯವಳಾಗಿರದಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಸಂಕ್ರಾಂತಿಗೆ ಎಳ್ಳುಬೆಲ್ಲ ಮೊದಲು ನಮ್ಮ ಮನೆಗೆ ತರುತ್ತಾಳೆ, ಆಂಟಿ ಎನ್ನುತ್ತಾಳೆ, ನಾನು ಹೇಳಿದ್ದನ್ನೆಲ್ಲ ತಲೆ ಆಡಿಸಿ ಕೇಳುತ್ತಾಳೆ. ಅವಳು ನಕ್ಕಾಗ ಆಪಾ ಕೂಡ ನಗುತ್ತಾರೆ ಎನ್ನುವುದನ್ನು ನಾನು ಮಾರ್ಚ್ ತಿಂಗಳಿನಿಂದ ಗಮನಿಸುತ್ತ ಬಂದಿದ್ದೆ. ರಮಜಾನಿನ ತಿಂಗಳು ಮುಗಿಯುವ ಹೊತ್ತಿಗೆ ಸಂಜೆ ಆಪಾ ಕೂರುವ ಜಾಗವೂ ನಮ್ಮ ಕಟ್ಟೆಯಿಂದ ಎದುರು ಕಟ್ಟೆಗೆ ಹೋಗಿತ್ತು. ನಮ್ಮ ಕಟ್ಟೆಗೆ ಬಿಸಿಲು ಹೆಚ್ಚು ಎಂದು ಕಾರಣ ಹುಡುಕಿಕೊಂಡಿದ್ದೆ. ಆದರೆ ಸಂಜೆ ಐದರ ನಂತರ ನಮ್ಮ ಕಟ್ಟೆಯೇ ನೆರಳಿನಲ್ಲಿರುತ್ತದೆ.

ಅದೇ ಶನಿವಾರ ಬೆಳಿಗ್ಗೆ, ಅನಸುಬಾಯಿ ಹೋದ ಮೇಲೆ, ಆಪಾರ ಬಾಗಿಲ ಹೊರಗಿನ ತೆರೆದ ಪಡಸಾಲೆಯಲ್ಲಿ ನೀರಿನ ಬ್ಯಾರಲ್ ಪಕ್ಕ ಕಬ್ಬಿಣದ ಸಲಾಕೆ ನಿಂತಿರುವುದನ್ನು ನೋಡಿದೆ.

ಈ ಸಲಾಕೆಯ ವಿಷಯ ಹೇಳಬೇಕು. ನಮ್ಮ ಓಣಿಯ ಹಳೆಯ ಮನೆಗಳಿಗೆ ಗೋಡೆಯೂ ಕಲ್ಲು, ಮಾಳಿಗೆಯೂ ಕಲ್ಲು. ಇಲ್ಲಿಯ ಗಣಿಯಿಂದಲೇ ಬಂದ ಹಾಸುಗಲ್ಲುಗಳನ್ನು ಸಾಲಾಗಿ ಹೊದಿಸಿದ್ದಾರೆ. ಮನೆಗೆ ಮನೆ ಅಂಟಿಕೊಂಡಿರುವುದರಿಂದ ಮಾಳಿಗೆಯ ಮೇಲೆ ಓಣಿಯ ಈ ತುದಿಯಿಂದ ಆ ತುದಿಯವರೆಗೆ ನಡೆದು ಹೋಗಬಹುದು. ಒಳಗೆ ಬೆಳಕಿಗೆಂದು ಪ್ರತಿ ಮನೆಯ ಮಾಳಿಗೆಯಲ್ಲೂ ಚೌಕ ಬೆಳಕಿಂಡಿ ಬಿಟ್ಟಿರುತ್ತಾರೆ; ಮಳೆ ಬಂದಾಗ, ಊರಿಗೆ ಹೋಗುವಾಗ ಅದರ ಮೇಲೆ ಒಂದು ಬಿಡಿ ಕಲ್ಲು ಮುಚ್ಚುತ್ತಾರೆ. ನಮ್ಮದಕ್ಕೆ ನಾವು ದಪ್ಪ ಗಾಜು ಕೂರಿಸಿ ಸಿಮೆಂಟ್ ಮಾಡಿಸಿದೆವು. ಆಪಾರ ಗಂಡ ಮಜೀದಸಾಬರು ಹಾಗೆ ಮಾಡಿಸಲಿಲ್ಲ. ಮಾಳಿಗೆಯ ಮೇಲೆ ಒಣಗಿಸಿದ ಮೆಣಸಿನಕಾಯಿಯನ್ನು ಆ ಕಿಂಡಿಯಿಂದಲೇ ಬುಟ್ಟಿಯಲ್ಲಿ ಇಳಿಸಬೇಕು, ಅದು ಅವರ ತಾಯಿಯ ಕಾಲದ ರೂಢಿ. ಮಜೀದಸಾಬರು ಕಲ್ಲಿಗೆ ಪಾಲಿಶ್ ಹಾಕುವ ಕೆಲಸದವರು, ಕಲ್ಲನ್ನು ಬಲ್ಲವರು. ಕಿಂಡಿಯ ಕೆಳಗೆ ಎರಡೂ ಬದಿಗೆ ಎರಡು ಕಬ್ಬಿಣದ ಬಳೆ ಕೂರಿಸಿ, ಅವುಗಳಲ್ಲಿ ಅಡ್ಡಲಾಗಿ ತೂರಿಸಲು ಒಂದು ಸಲಾಕೆ ಮಾಡಿಸಿದ್ದರು. ಕಿಂಡಿ ನಲವತ್ತೈದು ಸೆಂಟಿಮೀಟರ್ ಚೌಕ. ಮೇಲಿನ ಕಲ್ಲು ಸುಮಾರು ಇಪ್ಪತ್ತನಾಲ್ಕು ಕಿಲೋ, ಒಬ್ಬನೇ ಸರಿಸಬಹುದು. ನಡುವೆ ಸಲಾಕೆ ಬಂದರೆ ಮಾತ್ರ ಎರಡು ಕಡೆ ಇಪ್ಪತ್ತೆರಡರಂತೆ ಉಳಿಯುತ್ತದೆ. ಅದರಲ್ಲಿ ಮನುಷ್ಯನ ತಲೆ ಹೋದರೂ ಹೆಗಲು ಹೋಗುವುದಿಲ್ಲ.

ಮನೆಯಲ್ಲಿ ಜನ ಇದ್ದಾಗ ಸಲಾಕೆ ಪಡಸಾಲೆಯಲ್ಲಿ ನಿಂತಿರುತ್ತದೆ. ಊರಿಗೆ ಹೋಗುವಾಗ ಒಳಗೆ ಸೇರುತ್ತದೆ. ಎರಡು ವರ್ಷದ ಹಿಂದೆ ಮಜೀದಸಾಬರು ತೀರಿಕೊಂಡ ಮೇಲೆ ಅದನ್ನು ತೂರಿಸುವುದು ನನ್ನ ಕೆಲಸವಾಯಿತು. ಆಪಾರ ಬಲಗೈ ಹೆಗಲಿಗಿಂತ ಮೇಲೆ ಏಳುವುದಿಲ್ಲ. ಅವರು ಕೀಲಿಕೈ ಕೊಟ್ಟು ರೈಲಿಗೆ ಹೋಗುತ್ತಿದ್ದರು. ನಾನು ಹೋಗಿ ಸ್ಟೂಲ್ ಹತ್ತಿ ಸಲಾಕೆ ಹಾಕಿ ಬರುತ್ತಿದ್ದೆ. ಹಾಕಿದೆನೆಂದು ಅವರಿಗೆ ಹೇಳುತ್ತಲೂ ಇರಲಿಲ್ಲ. ಹೀಗಾಗಿ ಅದನ್ನು ನೆನಪಿಡುವ ಅಗತ್ಯವೇ ಅವರಿಗೆ ಬಿದ್ದಿರಲಿಲ್ಲ. ಸರಿತಾಳಿಗೆ ಅದು ಬರೀ ಒಂದು ಕಬ್ಬಿಣದ ತುಂಡು.

ಹೇಳಬೇಕು ಎಂದುಕೊಂಡೆ. ಕೇಳಿದರೆ ಹೇಳುತ್ತೇನೆ ಎಂದುಕೊಂಡೆ. ಈ ಎರಡು ವಾಕ್ಯಗಳ ನಡುವಿನ ಅಂತರ ನನಗೆ ಆಗಲೇ ಗೊತ್ತಿತ್ತು.

ಮಧ್ಯಾಹ್ನ ಊಟಕ್ಕೆ ಕುಳಿತಾಗ ನಮ್ಮವರು ಎರಡನೆಯ ಬಟ್ಟಲು ಪುಂಡಿಪಲ್ಯ ನೋಡಿ ಹುಬ್ಬೇರಿಸಿದರು. ಅವರು ಲಕ್ಷ್ಮಿಕಾಂತ, ವಾಡಿ ಜಂಕ್ಷನ್ನಿನಲ್ಲಿ ಸಿಗ್ನಲ್ ವಿಭಾಗದಲ್ಲಿದ್ದಾರೆ. ನಾನು ನಡೆದದ್ದು ಹೇಳಿದೆ. ಸಲಾಕೆಯ ಸುದ್ದಿ ಬಿಟ್ಟು.

“ಹಂಗಾದ್ರ ಸ್ಟೇಶನ್ನಿಗಿ ಹೋಗೂಣು ನಡಿ,” ಎಂದರು.

“ಯಾವ ಸ್ಟೇಶನ್ನು?”

“ಪೊಲೀಸ್ ಸ್ಟೇಶನ್. ಇಪ್ಪತ್ತೊಂದು ವರ್ಷದ ಚಾವಿ ಕಳುವಾಗ್ಯಾದ ಅಂತ ರಿಪೋರ್ಟ್ ಬರಸೂಣು. ಗುಮಾನಿ ಯಾರ ಮ್ಯಾಲ ಅಂದ್ರ, ಎದುರಮನಿ ಹುಡುಗಿ ಮ್ಯಾಲ.”

“ನಾ ಏನು ಕೆಟ್ಟದ್ದು ಮಾಡೀನಿ ಹೇಳ್ರಿ. ನನ್ನ ಮನೀಗಿಂತ ಹೆಚ್ಚು ನೋಡೀನಿ ಆ ಮನೀನ.”

“ಅದೇ ಇರಬೇಕು,” ಎಂದು ಅವರು ಮಜ್ಜಿಗೆ ಸುರಿದುಕೊಂಡರು.

ಆ ಮಾತು ನನ್ನನ್ನು ಕೆಣಕಿತು. ಫೆಬ್ರವರಿಯ ಡೈರಿ ತೆಗೆದೆ. ಆಗಲೂ ಅಸ್ಫಿಯಾಳಿಗೆ ಆರಾಮಿಲ್ಲವೆಂದು ಆಪಾ ಹನ್ನೆರಡು ದಿನ ಹೈದರಾಬಾದಿಗೆ ಹೋಗಿದ್ದರು. ಆ ಹನ್ನೆರಡು ದಿನದಲ್ಲಿ ನಾನು ಮಾಡಿದ್ದೆಲ್ಲ ಅಲ್ಲಿತ್ತು. ನೀರಿನ ತೊಟ್ಟಿ ತೊಳೆದದ್ದು. ಬ್ಯಾಳಿ ಡಬ್ಬಿಗಳಿಗೆ ಬಿಸಿಲು ತೋರಿಸಿದ್ದು. ಫ್ಯೂಜ್ ಬದಲಿಸಿದ್ದು. ಎಲ್ಲಕ್ಕಿಂತ ದೊಡ್ಡ ಕೆಲಸ, ಗೋಡೆ.

ನಡುಮನೆಯ ಕಿಟಕಿಯ ಪಕ್ಕ, ಮಜೀದಸಾಬರು ಮೂವತ್ತು ವರ್ಷ ಒಂದೇ ಕಡೆ ಚಾಪೆ ಹಾಕಿ ಕೂತು ತಲೆ ಆನಿಸಿದ ಜಾಗದಲ್ಲಿ, ಎಣ್ಣೆಯ ಕಪ್ಪು ಕಲೆ ಇತ್ತು. ಅವರು ದಿನಾ ತಲೆಗೆ ಕೊಬ್ರಿ ಎಣ್ಣೆ ಹಚ್ಚುತ್ತಿದ್ದರು. ಪ್ರತಿ ವರ್ಷ ರಮಜಾನಿಗೆ ಮುಂಚೆ ಸುಣ್ಣ ಬಳಿದರೆ ಒಂದು ತಿಂಗಳು ಮುಚ್ಚಿಕೊಂಡಿದ್ದು ಮತ್ತೆ ಮೇಲೆದ್ದು ಬರುತ್ತಿತ್ತು. ಆಪಾ ಅವರ ಎದುರಿಗೇ ಬೈಯುತ್ತಿದ್ದರು: “ಬಂದವರೆಲ್ಲ ಮೊದಲು ನಿಮ್ಮ ತಲಿ ನೋಡ್ತಾರ, ಆಮ್ಯಾಲ ನನ್ನ ಮಾರಿ ನೋಡ್ತಾರ. ಮಸೂತಿ ಮುಂದ ಫಕೀರ ಕೂತಂಗ ಒಂದೇ ಜಾಗಾದಾಗ ಕೂಡ್ತೀರಿ.” ಮಜೀದಸಾಬರು ನಗುತ್ತ ಇನ್ನಷ್ಟು ಹಿಂದಕ್ಕೆ ಒರಗುತ್ತಿದ್ದರು. ನಾನು ಈ ಬೈಗುಳವನ್ನು ಎಷ್ಟೋ ಸಲ ಕೇಳಿದ್ದೇನೆ.

ಎಣ್ಣೆ ಸುಣ್ಣದ ಸೂಕ್ಷ್ಮ ರಂಧ್ರಗಳಲ್ಲಿ ಇಳಿದಿರುತ್ತದೆ. ಮೇಲೆ ಬಳಿದರೆ ಉಪಯೋಗವಿಲ್ಲ. ಒಳಗಿನಿಂದ ಹೀರಿ ತೆಗೆಯಬೇಕು. ಶಾಲೆಯ ಸೀಮೆಸುಣ್ಣದ ಪುಡಿಗೆ ವಾಷಿಂಗ್ ಸೋಡಾ ಸೇರಿಸಿ, ಬಿಸಿನೀರಿನಲ್ಲಿ ಕಲಸಿ, ಲೇಪ ಹಚ್ಚಿ, ಒಣಗಿದ ಮೇಲೆ ಕೆರೆದು ತೆಗೆದು, ಮತ್ತೆ ಹಚ್ಚಿದೆ. ಒಟ್ಟು ಒಂಬತ್ತು ಲೇಪ. ಆಮೇಲೆ ಎರಡು ಕೈ ಸುಣ್ಣ. ಆಪಾ ಬಂದು ನೋಡಿದರು. ಬಹಳ ಹೊತ್ತು ನಿಂತು ನೋಡಿದರು. “ಭಾಳ ಛಂದ ಮಾಡೀದಿ ಜಯಾ,” ಎಂದರು. ಡೈರಿಯಲ್ಲಿ ಆ ಮಾತನ್ನೂ ಬರೆದಿದ್ದೆ.

ಇಂಥವಳನ್ನು ಬಿಟ್ಟು ಕ್ಯಾಮೆರಾ ಇರುವವಳಿಗೆ ಕೀಲಿಕೈ.

ಹೌದು, ಸರಿತಾಳ ಬಾಗಿಲ ಮೇಲೆ ಕ್ಯಾಮೆರಾ ಇತ್ತು. ಯುಗಾದಿಗೆ ಅವಳ ಗಂಡ ಕೂರಿಸಿದ್ದು. ಭಾನುವಾರ ಅವಳು ಮೊಬೈಲ್ ಹಿಡಿದು ನಮ್ಮ ಮನೆಗೇ ಬಂದಳು.

“ಆಂಟಿ ನೋಡ್ರಿ, ಜೈತುನ್ ಆಂಟಿ ಬಾಗಿಲಾ ಎಷ್ಟು ಸ್ವಚ್ಛ ಕಾಣಸ್ತದ. ಬೆಕ್ಕು ಹಾದ್ರೂ ಮೊಬೈಲ್ ಒದರ್ತದ. ಮುಂಜಾನಿಂದ ಆರು ಸಲ ಒದರ್ಯಾದ. ಆರೂ ಸಲ ಅದೇ ಬೆಕ್ಕು.”

ಪರದೆಯ ಮೇಲೆ ಆಪಾರ ಬಾಗಿಲು, ಕೀಲಿ, ಬ್ಯಾರಲ್ಲು. ಬ್ಯಾರಲ್ಲಿನ ಪಕ್ಕ ಸಲಾಕೆ, ಅದರ ತುದಿಯ ತುಕ್ಕು ಸಹ ಕಾಣುವಷ್ಟು ಸ್ಪಷ್ಟವಾಗಿ.

“ಮಾಳಿಗಿ ಕಾಣಸ್ತದೇನು?” ಎಂದು ಕೇಳಿದೆ.

“ಮಾಳಿಗಿ ಯಾಕ್ರಿ? ಕಳ್ಳರು ಬಾಗಿಲದಿಂದಲೇ ಬರ್ತಾರಲ್ಲ.”

“ಹೌದು,” ಎಂದೆ.

ಆ ಒಂದು ಪದವನ್ನು ನಾನು ಆಮೇಲೆ ಬಹಳ ಸಲ ತೂಗಿ ನೋಡಿದ್ದೇನೆ. ಸುಳ್ಳು ಎನ್ನಲು ಬರುವುದಿಲ್ಲ; ಕಳ್ಳರು ಬಾಗಿಲಿನಿಂದಲೂ ಬರುತ್ತಾರೆ. ಆದರೆ ಅದನ್ನು ಹೇಳಿದಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದು ಬಯಕೆ. ಆ ಮನೆಯಲ್ಲಿ ಒಂದು ಸಣ್ಣ ಕಳವು ಆಗಲಿ. ದೊಡ್ಡದು ಬೇಡ. ಒಂದು ತಾಮ್ರದ ಕೊಡ, ಒಂದು ಟೇಬಲ್ ಫ್ಯಾನು. ಆಪಾ ಬಂದು ನೋಡಿ, ಈ ಮನೆ ಇಷ್ಟು ವರ್ಷ ಯಾರಿಂದ ಭದ್ರವಾಗಿತ್ತು ಎಂದು ತಿಳಿದುಕೊಂಡರೆ ಸಾಕು. ಯಾವ ವಸ್ತು ಹೋದರೆ ಅವರಿಗೆ ಹೆಚ್ಚು ನೋವಾಗುವುದಿಲ್ಲ ಎಂದು ನಾನು ಕೋಣೆ ಕೋಣೆ ನೆನಪಿಸಿಕೊಂಡು ಆರಿಸುತ್ತಿದ್ದೆ. ಆ ಮನೆಯ ಒಂದೊಂದು ಕಪಾಟೂ ನನಗೆ ಗೊತ್ತಿದ್ದದ್ದು ಅವರು ನನ್ನನ್ನು ನಂಬಿದ್ದರಿಂದ. ಆ ತಿಳಿವಳಿಕೆಯನ್ನು ನಾನು ಈಗ ಕಳ್ಳನ ಪರವಾಗಿ ಬಳಸುತ್ತಿದ್ದೆ.

ಶಾಲೆಗೆ ಬೇಸಿಗೆ ರಜೆಯಿದ್ದುದರಿಂದ ಸೋಮವಾರ, ಮಂಗಳವಾರ ಮನೆಯಲ್ಲೇ ಇದ್ದೆ. ಸರಿತಾ ಎರಡು ಹೊತ್ತು ಆಪಾರ ಬಾಗಿಲ ಮುಂದೆ ಕಸ ಹೊಡೆದು ಹೋಗುತ್ತಿದ್ದಳು. ಮೂಲೆಯ ಕಸ ಅವಳಿಗೆ ಕಾಣುವುದಿಲ್ಲ. ಒಮ್ಮೆ ಸಲಾಕೆಯನ್ನು ಎತ್ತಿ, ಅದರ ಕೆಳಗಿನ ಕಸ ತೆಗೆದು, ಮತ್ತೆ ಅಲ್ಲೇ ನಿಲ್ಲಿಸಿದಳು. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಅವಳಿಗೆ ಹೊಳೆಯಲಿ ಎಂದೋ, ಹೊಳೆಯದಿರಲಿ ಎಂದೋ, ಈಗಲೂ ಖಚಿತವಾಗಿ ಹೇಳಲಾರೆ.

ಬುಧವಾರ, ಏಪ್ರಿಲ್ 30, ಬಸವ ಜಯಂತಿ. ಹಿಂದಿನ ಓಣಿಯ ಗುರುಲಿಂಗಯ್ಯನವರು ಮನೆಗೆ ಕೀಲಿ ಹಾಕಿ ಹೆಂಡತಿ ಮಕ್ಕಳೊಂದಿಗೆ ಚಿತ್ತಾಪುರದ ಬೀಗರ ಮನೆಗೆ ಹೋಗಿದ್ದರು. ಸಂಜೆ ಬಂದು ನೋಡಿದರೆ ಬಾಗಿಲ ಕೀಲಿ ಇದ್ದ ಹಾಗೇ ಇದೆ; ಒಳಗೆ ನಡುಮನೆಯಲ್ಲಿ ಬೆಳಕಿನ ಚೌಕ ಬಿದ್ದಿದೆ. ಬೆಳಕಿಂಡಿಯ ಕಲ್ಲು ಸರಿಸಿ ಹಗ್ಗದಿಂದ ಇಳಿದಿದ್ದಾರೆ. ತಾಮ್ರದ ಹಂಡೆ, ಮಿಕ್ಸರ್, ಮಗಳ ಮದುವೆಗೆಂದು ತಂದಿಟ್ಟಿದ್ದ ಐದು ಸೀರೆ ಹೋಗಿವೆ. ಮಧ್ಯಾಹ್ನದ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ಯಾರಿರುತ್ತಾರೆ?

ಸುದ್ದಿ ತಂದವರು ನಮ್ಮವರು. ನನಗೆ ಮೊದಲು ಆದದ್ದು ಭಯವಲ್ಲ, ಸಮಾಧಾನ. ನನ್ನ ಲೆಕ್ಕ ಸರಿಯಾಗಿತ್ತು ಎಂಬ ಸಮಾಧಾನ. ಅದು ಎರಡು ಕ್ಷಣ ಇದ್ದಿರಬಹುದು. ಪಾಠ ಮಾಡುವಾಗ ಹುಡುಗರು ಒಪ್ಪದ ಉತ್ತರ ಕೊನೆಗೆ ಸರಿಯೆಂದು ತೋರಿದಾಗ ಆಗುತ್ತದಲ್ಲ, ಅಂಥದ್ದು.

“ಜೈತುನ್ ಆಪಾರ ಕಿಂಡಿ?” ಎಂದರು ನಮ್ಮವರು. “ಸಲಾಕಿ ಹಾಕೀದಿಲ್ಲ?”

“ಚಾವಿ ನನ್ನ ಬಲ್ಲಿ ಎಲ್ಲದ?”

“ಚಾವಿ ಇಲ್ಲಂದ್ರ ಬಾಯಿನೂ ಇಲ್ಲೇನು?”

ಅವರು ಕಿಟಕಿಯ ಹತ್ತಿರ ಹೋಗಿ ನೋಡಿದರು. ಸಲಾಕೆ ಅಲ್ಲಿತ್ತು. ತಿರುಗಿ ನನ್ನನ್ನು ನೋಡಿದರು. ಅವರ ಮುಖದಲ್ಲಿ ಯಾವ ತಮಾಷೆಯೂ ಇರಲಿಲ್ಲ. “ಐದು ದಿನ ಆತಲ್ಲ,” ಎಂದರು ಮೆಲ್ಲಗೆ.

ಆರೂಕಾಲಿಗೆ ನಾನು ಸರಿತಾಳ ಬಾಗಿಲಲ್ಲಿದ್ದೆ. ಸಲಾಕೆಯ ಕೆಲಸವೇನು, ಕಿಂಡಿ ಎಲ್ಲಿದೆ, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. “ಚಾವಿ ಕೊಡು. ಎರಡು ನಿಮಿಷದ ಕೆಲಸ. ಹಾಕಿ ಬರ್ತೀನಿ.”

ಸರಿತಾ ಒಳಗೆ ಹೋಗಿ ಕೀಲಿಕೈ ತಂದಳು. ಆದರೆ ನನ್ನ ಕೈಗೆ ಕೊಡಲಿಲ್ಲ. ಸೆರಗಿನ ತುದಿಗೆ ಸುತ್ತಿ ಹಿಡಿದುಕೊಂಡಳು.

“ಆಂಟಿ, ತಪ್ಪ ತಿಳೀಬ್ಯಾಡ್ರಿ. ಯಾರು ಬಂದ್ರೂ ಒಳಗ ಬಿಡಬ್ಯಾಡ ಅಂದಾರ.”

“ಯಾರು ಬಂದ್ರೂ ಅಂದ್ರ ಕಳ್ಳರಿಗಿ ಅಂದಾರ.”

ಅವಳು ನೆಲ ನೋಡಿದಳು. “ಇಲ್ರಿ. ನಿಮ್ಮ ಹೆಸರು ತಗೊಂಡೇ ಹೇಳ್ಯಾರ.”

ಓಣಿಯಲ್ಲಿ ಬಸವ ಜಯಂತಿಯ ಮೆರವಣಿಗೆಯಿಂದ ಬಂದ ಹುಡುಗಿಯರು ಮಾತಾಡುತ್ತ ಹೋಗುತ್ತಿದ್ದರು.

“ಫೋನ್ ಹಚ್ಚು,” ಎಂದೆ.

ಅವಳು ಹಚ್ಚಿ, ಇಬ್ಬರಿಗೂ ಕೇಳುವಂತೆ ಸ್ಪೀಕರ್ ಒತ್ತಿದಳು. ಆಪಾರ ದನಿಯ ಹಿಂದೆ ಯಾವುದೋ ಆಸ್ಪತ್ರೆಯ ಗದ್ದಲವಿತ್ತು. ಸರಿತಾ ಗುರುಲಿಂಗಯ್ಯನವರ ಮನೆಯ ಸುದ್ದಿ ಹೇಳಿದಳು. ಸಲಾಕೆಯ ಸುದ್ದಿ ನಾನು ಹೇಳಿದೆ.

“ಅಯ್ಯ ಅಲ್ಲಾ, ಸಲಾಕಿ,” ಎಂದರು ಆಪಾ. “ಮರ್ತೇ ಬಿಟ್ಟೀನಿ. ನೀ ಹಾಕತಿದ್ದಿ, ನನಗ ನೆನಪೇ ಇರಲಿಲ್ಲ.” “ಜಯಾ, ನೀ ಯಾವಾಗ ನೋಡೀದಿ?”

“ಶನಿವಾರ.”

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಸರಿತಾ, ಅಕೀನ ಕರ್ಕೊಂಡು ಹೋಗವ್ವ. ಸಲಾಕಿ ಹಾಕಲಿ. ನೀ ಜೋಡಿ ಇರು. ಖಿಡಕಿ ಬಾಜೂಕಿನ ಗ್ವಾಡಿಗಿ ಮಾತ್ರ ಕೈ ಹಚ್ಚಗೊಡಬ್ಯಾಡ.”

ಸರಿತಾ ಕೀಲಿ ತೆಗೆದಳು. ನಾನು ಸಲಾಕೆ ಎತ್ತಿಕೊಂಡು ಅವಳ ಹಿಂದೆ ಹೋದೆ. ಆ ಮನೆಯೊಳಗೆ ನಾನು ಇನ್ನೊಬ್ಬರ ಹಿಂದೆ ಹೋದದ್ದು ಅದೇ ಮೊದಲು. ಅವಳು ದೀಪದ ಸ್ವಿಚ್ಚಿಗೆ ಹುಡುಕಾಡಿದಳು. ಎಲ್ಲಿದೆಯೆಂದು ನನಗೆ ಗೊತ್ತಿತ್ತು, ಹೇಳಲಿಲ್ಲ. ಆ ಹೊತ್ತಿನಲ್ಲೂ ಹೇಳಲಿಲ್ಲ.

ದೀಪ ಹತ್ತಿತು. ಸ್ಟೂಲ್ ಹತ್ತಿ ಮೊದಲು ಸಲಾಕೆ ತೂರಿಸಿದೆ. ಕೆಳಗಿಳಿದು ಕೈ ಒರೆಸಿಕೊಳ್ಳುತ್ತ ಕಿಟಕಿಯ ಕಡೆ ತಿರುಗಿದೆ.

ನಾನು ಬಿಳಿ ಮಾಡಿದ್ದ ಗೋಡೆಯ ಮೇಲೆ ಎಣ್ಣೆ ಹಚ್ಚಿದ ಗುರುತುಗಳಿದ್ದವು. ಒಂದಲ್ಲ, ಮೂರು. ಒಂದು ತೀರ ಕೆಳಗೆ, ಮಗು ಒರಗಿದಂತೆ. ಇನ್ನೊಂದು ಎಡಕ್ಕೆ ಸರಿದಿತ್ತು. ಮೂರನೆಯದು ಎಲ್ಲಕ್ಕಿಂತ ಮೇಲೆ. ಹೊಸ ಎಣ್ಣೆ ಸುಣ್ಣದ ಮೇಲೆ ನಿಲ್ಲದೆ ಕೆಳಗೆ ಎಳೆಗಳಾಗಿ ಇಳಿದಿತ್ತು. ಕಿಟಕಿಯ ಕಟ್ಟೆಯ ಮೇಲೆ ಕೊಬ್ರಿ ಎಣ್ಣೆಯ ಬಾಟಲಿ, ಅದರ ಪಕ್ಕ ಮಡಚಿದ ಬಟ್ಟೆ.

“ಇದೇನು?” ಎಂದೆ. ಆದರೆ ಕೇಳುವಾಗಲೇ ಅರ್ಥವಾಗತೊಡಗಿತ್ತು.

“ರಮಜಾನಿನಾಗ ಒಂದಿನ ಬಂದಾಗ ಜೈತುನ್ ಆಂಟಿ ಎಣ್ಣಿ ಹಚ್ಚಲಿಕತ್ತಿದ್ರು,” ಎಂದಳು ಸರಿತಾ. “ಯಾಕ್ರಿ ಅಂತ ಕೇಳೀನಿ. ‘ನಮ್ಮವರು ಇಲ್ಲಿ ಕೂಡ್ತಿದ್ರು. ಎಲ್ಲಿ ಅನ್ನೂದು ನೆನಪೇ ಹತ್ತವಲ್ದು’ ಅಂತ ಅಂದ್ರು. ಕೂತು ನೋಡಿದ್ರು, ತಮ್ಮ ತಲಿ ಆನಿಸಿ ನೋಡಿದ್ರು. ಅವರು ಎತ್ತರ ಇದ್ರಂತ, ಲೆಕ್ಕ ಹತ್ತವಲ್ದು. ನಾನೂ ಫೋಟೋದಾಗ ಹುಡುಕಿ ಕೊಟ್ಟೀನಿ. ಎಲ್ಲಾ ಫೋಟೋದಾಗೂ ಕಲಿಗಿ ಸಾಹೇಬರ ತಲೀನೇ ಅಡ್ಡ ಅದ, ನೆಲಾ ಖಿಡಕಿ ಏನೂ ಕಾಣಸವಲ್ದು.”

“ನನಗ ಯಾಕ ಹೇಳಲಿಲ್ಲ?”

“ನಿಮಗ ಹೇಳಬ್ಯಾಡ ಅಂದಿದ್ರು. ‘ಅಕಿ ಒಂಬತ್ತು ಸಲ ತಿಕ್ಕ್ಯಾಳ, ಪಾಪ, ಕೈ ಸುಲದಾವ. ಗೊತ್ತಾದ್ರ ಮನಸಿಗಿ ಹಚ್ಕೋತಾಳ’ ಅಂದ್ರು.”

ಕಳ್ಳರು ಒಯ್ಯಬಾರದೆಂದು ನಾನು ಮೂವತ್ತೆಂಟು ಸಲ ಕಾದ ಮನೆಯಿಂದ ಒಂದೇ ಒಂದು ವಸ್ತು ಹೋಗಿತ್ತು. ಅದನ್ನು ಕೀಲಿಕೈ ಹಿಡಿದು, ಬಾಗಿಲಿನಿಂದ ಬಂದು, ಹಗಲಿನಲ್ಲಿ ತೆಗೆದವಳು ನಾನು. ತಂದುಕೊಡಲು ಬರುವಂಥದ್ದೂ ಅಲ್ಲ. ಸೀಮೆಸುಣ್ಣದ ಪುಡಿಯ ಜೊತೆ ಅದನ್ನು ಮೋರಿಗೆ ಚೆಲ್ಲಿದ್ದೆ.

ಆದರೂ ಆ ಹೊತ್ತಿನಲ್ಲಿ ನನ್ನ ಅಸೂಯೆ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆಪಾ ಈ ಗೋಡೆಯ ಮುಂದೆ ಕೂತು ತಲೆ ಆನಿಸಿ ನೋಡುವಾಗ ಪಕ್ಕದಲ್ಲಿ ಇದ್ದವಳು ಸರಿತಾ. ನನ್ನ ತಪ್ಪಿನ ಸಂಗತಿ ನನಗಿಂತ ಮೊದಲು ಗೊತ್ತಾದದ್ದು ಅವಳಿಗೆ. ಕೀಲಿಕೈ ಹೋದದ್ದಕ್ಕಿಂತ ಅದು ಹೆಚ್ಚು ಚುಚ್ಚಿತು.

“ಇಲ್ಲೇ ಇರು, ಬಂದೆ,” ಎಂದು ನಾನು ಮನೆಗೆ ಹೋದೆ.

ಯಾವ ಕೆಲಸವನ್ನೂ ಮೊದಲು ಅಳೆಯದೆ ನಾನು ಶುರು ಮಾಡುವುದಿಲ್ಲ. ಗೋಡೆ ತಿಕ್ಕುವ ಮುಂಚೆ, ಎಷ್ಟು ಪುಡಿ ಬೇಕು ಎಂದು ತಿಳಿಯಲು ಕಲೆಯ ವಿಸ್ತೀರ್ಣ ಬೇಕಿತ್ತು. ಮತ್ತೆ ಮೇಲೆದ್ದರೆ ಅದೇ ಜಾಗವೋ ಅಲ್ಲವೋ ಎಂದು ಪರೀಕ್ಷಿಸಲು ಅದರ ಸ್ಥಾನವೂ ಬೇಕಿತ್ತು. ಫೆಬ್ರವರಿ 18ರ ಪುಟದಲ್ಲಿ ಎಲ್ಲ ಇತ್ತು, ಸಣ್ಣದೊಂದು ನಕ್ಷೆಯ ಸಮೇತ. ಡೈರಿಯನ್ನೂ ಅಳತೆ ಟೇಪನ್ನೂ ತೆಗೆದುಕೊಂಡು ಹಿಂದಿರುಗಿದೆ. ನಮ್ಮವರು ಬಾಗಿಲಲ್ಲಿ ನಿಂತಿದ್ದರು, ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಟೇಪಿನ ತುದಿಯನ್ನು ನೆಲಕ್ಕೆ ಇಟ್ಟು ಹಿಡಿಯಲು ಸರಿತಾಳಿಗೆ ಹೇಳಿದೆ. ಗೋಡೆಗೆ ತಾಗದಂತೆ ಒಂದು ಬೆರಳಿನಷ್ಟು ದೂರ ಹಿಡಿದು ಮೇಲಕ್ಕೆ ಎಳೆದೆ. ಆಪಾ ಹಚ್ಚಿದ ಮೂರು ಗುರುತುಗಳಲ್ಲಿ ಯಾವುದೂ ಸರಿ ಇರಲಿಲ್ಲ. ಎಲ್ಲಕ್ಕಿಂತ ಹತ್ತಿರ ಬಂದದ್ದು ಮೂರನೆಯದು; ಅದೂ ಆರು ಸೆಂಟಿಮೀಟರ್ ಹೆಚ್ಚಾಗಿತ್ತು. ಗಂಡನನ್ನು ಅವರು ಇದ್ದದ್ದಕ್ಕಿಂತ ಎತ್ತರವಾಗಿ ನೆನಪಿಟ್ಟುಕೊಂಡಿದ್ದರು.

“ಮತ್ತ ಫೋನ್ ಹಚ್ಚು,” ಎಂದೆ.

ಈ ಸಲ ಗದ್ದಲವಿರಲಿಲ್ಲ. ಆಪಾ ಎಲ್ಲೋ ಹೊರಗೆ ಬಂದಿರಬೇಕು. “ಸಲಾಕಿ ಹಾಕೀದೇನು ಜಯಾ?”

“ಹಾಕೀನಿ ಆಪಾ. ಗ್ವಾಡಿ ನೋಡೀನಿ.”

ಡೈರಿಯ ಆ ಪುಟ ತೆರೆದು ಹಿಡಿದೆ.

“ನಾ ಮುಟ್ಟಿಲ್ಲ. ಕಲಿ ತೆಗ್ಯೂಕಿಂತ ಮೊದಲ ಅಳದು ಬರದಿಟ್ಟಿದ್ದೆ. ನನ್ನ ಬಲ್ಲಿ ಅದ.”

“ಏನದ?” ಎಂದರು. ದನಿ ತೀರ ಸಣ್ಣದಾಗಿತ್ತು.

“ಅವರ ತಲಿ ಜಾಗಾ.”

ದೂರದಲ್ಲಿ ಯಾವುದೋ ಗಾಡಿ ಹಾರ್ನ್ ಹೊಡೆಯಿತು, ಅಲ್ಲಿಯೋ ಇಲ್ಲಿಯೋ ತಿಳಿಯಲಿಲ್ಲ. ಸರಿತಾ ಟೇಪಿನ ತುದಿಯನ್ನು ಇನ್ನೂ ನೆಲಕ್ಕೆ ಒತ್ತಿ ಹಿಡಿದಿದ್ದಳು. ಅವಳ ಇನ್ನೊಂದು ಕೈಯಲ್ಲಿ, ಸೆರಗಿನ ಸುತ್ತಿನಲ್ಲಿ, ಕೀಲಿಕೈ ಇತ್ತು. ಇವತ್ತು ಅದು ನನಗೆ ಬರುವುದಿಲ್ಲ ಎಂದು ಗೊತ್ತಿತ್ತು. ಮುಂದೆಯೂ ಬರಲಾರದು.

“ತಡಿ,” ಎಂದರು ಆಪಾ. “ಕಾಗದಾ ಇಲ್ಲ. ಆಸ್ಪತ್ರಿ ಚೀಟಿ ಅದ, ಅದರ ಹಿಂದ ಬರ್ಕೋತೀನಿ.” ಚೀಲದಲ್ಲಿ ಹುಡುಕುವ ಸದ್ದು. ಯಾರನ್ನೋ ಪೆನ್ನು ಕೇಳಿದರು. “ಹ್ಞಾಂ,” ಎಂದರು ಕೊನೆಗೆ. “ಹೇಳು. ಮೆಲ್ಲಕ ಹೇಳು.”

ಡೈರಿಯನ್ನು ದೀಪಕ್ಕೆ ಹಿಡಿದು ಓದಿದೆ. ಅಗಲ ಹದಿನೇಳು, ಉದ್ದ ಇಪ್ಪತ್ತೆರಡು. ಕಿಟಕಿಯ ಚೌಕಟ್ಟಿನಿಂದ ನಲವತ್ತೊಂದು. ನೆಲದಿಂದ ಕಲೆಯ ನಡುಮಧ್ಯಕ್ಕೆ ಎಪ್ಪತ್ತೊಂಬತ್ತು ಸೆಂಟಿಮೀಟರ್.